ತಿರುವಿನಲ್ಲಿ ಮಾತ್ರ ಬರುವ ಚಕ್ರದ ಸದ್ದು: ಬೇರಿಂಗ್ ಬಿಚ್ಚಿಸುವ ಮೊದಲು ಏನೇನು ನೋಡಬೇಕು

ನೇರ ರಸ್ತೆಯಲ್ಲಿ ಬೈಕ್ ಚೆನ್ನಾಗೇ ಓಡುತ್ತಿರುತ್ತದೆ. ತಿರುವು ಬಂತು, ಸ್ವಲ್ಪ ವಾಲಿಸಿದಿರಿ, ಚಕ್ರದ ಕಡೆಯಿಂದ ಗರಗರ ಅಂತಲೋ ಟಕ್ ಟಕ್ ಅಂತಲೋ ಸದ್ದು ಶುರು. ಮತ್ತೆ ನೇರವಾದರೆ ಸದ್ದು ಮಾಯ. ಬಯಲುಸೀಮೆಯಲ್ಲಾದರೆ ಈ ತೊಂದರೆ ಇಟ್ಟುಕೊಂಡೇ ಎಷ್ಟೋ ದಿನ ಓಡಿಸಬಹುದು, ಗಮನಕ್ಕೇ ಬರುವುದಿಲ್ಲ. ನಮ್ಮ ಕಡೆ ಹಾಗಲ್ಲ. ತೀರ್ಥಹಳ್ಳಿ ದಾಟಿ ಆಗುಂಬೆ ಕಡೆ ಹೊರಟರೆ, ಮಾಸ್ತಿಕಟ್ಟೆ ಕಡೆಯಿಂದ ಹುಲಿಕಲ್ ಘಾಟಿ ಇಳಿದರೆ, ರಸ್ತೆಯಲ್ಲಿ ನೇರ ಅನ್ನುವುದೇ ಕಡಿಮೆ. ಆಗುಂಬೆ ಘಾಟಿ ಒಂದರಲ್ಲೇ 14 ಹೇರ್‌ಪಿನ್ ತಿರುವುಗಳಿವೆ. ಅಲ್ಲಿ ಚಕ್ರದಿಂದ ಗೊತ್ತಿಲ್ಲದ ಸದ್ದು ಬರುತ್ತಿದ್ದರೆ ಮನಸ್ಸಿಗೆ ಸಮಾಧಾನ ಇರುವುದಿಲ್ಲ. ಇರಲೂಬಾರದು.

ಗ್ಯಾರೇಜಿಗೆ ಹೋಗಿ "ಅಣ್ಣ, ತಿರುಗಿಸುವಾಗ ವೀಲಲ್ಲಿ ಸೌಂಡ್ ಬರುತ್ತೆ" ಅಂದರೆ ಸಾಮಾನ್ಯವಾಗಿ ಸಿಗುವ ಉತ್ತರ "ಬೇರಿಂಗ್ ಹೋಗಿರುತ್ತೆ, ಹಾಕಿಸಿಬಿಡಿ." ಬೇರಿಂಗ್ ಅಂದರೆ ಚಕ್ರದ ನಡುವೆ ಕೂತು ಅದು ನುಣ್ಣಗೆ ತಿರುಗುವ ಹಾಗೆ ಮಾಡುವ, ಒಳಗೆ ಸಣ್ಣ ಗುಂಡುಗಳಿರುವ ಉಕ್ಕಿನ ರಿಂಗ್. ಎಷ್ಟೋ ಸಲ ಆ ಮಾತು ನಿಜವೂ ಹೌದು. ಆದರೆ ಹೊಸ ಬೇರಿಂಗ್ ಹಾಕಿಸಿಯೂ ಸದ್ದು ಹಾಗೇ ಉಳಿದು, ಆಮೇಲೆ ನೋಡಿದರೆ ಟೈರ್ ಒಂದು ಕಡೆ ಸವೆದಿತ್ತು ಅಂತ ಗೊತ್ತಾದವರೂ ಬೇಕಾದಷ್ಟು ಜನ ಇದ್ದಾರೆ. ಹೀಗಾಗುವುದಕ್ಕೆ ಕಾರಣ ಇದೆ. ತಿರುವಿನಲ್ಲಿ ಒಂದೇ ಸಲಕ್ಕೆ ನಾಲ್ಕು ವಿಷಯ ಬದಲಾಗುತ್ತವೆ. ಹ್ಯಾಂಡಲ್ ತಿರುಗುತ್ತದೆ. ಬೈಕ್ ವಾಲುತ್ತದೆ, ಅಂದರೆ ಟೈರಿನ ನಡುಭಾಗದ ಬದಲು ಪಕ್ಕದ ಭಾಗ ರಸ್ತೆಗೆ ತಾಗುತ್ತದೆ. ಚಕ್ರದ ಮೇಲೆ ಭಾರ ಜಾಸ್ತಿಯಾಗುತ್ತದೆ. ಜೊತೆಗೆ ನೀವು ಬ್ರೇಕ್ ಹಿಡಿಯುತ್ತೀರಿ, ಆಕ್ಸಿಲರೇಟರ್ ಬಿಟ್ಟು ಮತ್ತೆ ಕೊಡುತ್ತೀರಿ. ಈ ನಾಲ್ಕರಲ್ಲಿ ಯಾವುದರ ಜೊತೆ ಸದ್ದು ಬರುತ್ತಿದೆ ಅಂತ ಬೇರೆ ಮಾಡಿ ನೋಡಿದರೆ ಅರ್ಧ ಕೆಲಸ ಮುಗಿದ ಹಾಗೆ. ಅದಕ್ಕೆ ಪಾನಾ ಬೇಡ, ದುಡ್ಡು ಬೇಡ, ಕಿವಿ ಸಾಕು.

ಕಾರಿನ ಲೆಕ್ಕ ಬೈಕಿಗೆ ಹಾಕಬೇಡಿ

ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ತುಂಬಾ ಜನ ಇಲ್ಲೇ ದಾರಿ ತಪ್ಪುತ್ತಾರೆ. ಕಾರಿನಲ್ಲಿ ಎಡಕ್ಕೆ ತಿರುಗಿಸಿದಾಗ ಸದ್ದು ಜಾಸ್ತಿಯಾದರೆ ಬಲಗಡೆ ಚಕ್ರದ ಬೇರಿಂಗ್ ಮೇಲೆ ಅನುಮಾನ ಪಡುತ್ತಾರೆ. ಅದು ಸರಿ, ಕಾರಿನಲ್ಲಿ ಭಾರ ಹೊರಗಿನ ಚಕ್ರಕ್ಕೆ ಹೋಗುತ್ತದೆ, ಹಬ್‌ಗೆ, ಅಂದರೆ ಬೇರಿಂಗ್ ಕೂರುವ ಚಕ್ರದ ನಡುಭಾಗಕ್ಕೆ, ಪಕ್ಕದಿಂದ ನೂಕು ಬೀಳುತ್ತದೆ. ಬೈಕ್ ತಿರುವಿಗೆ ತಕ್ಕಂತೆ ವಾಲುತ್ತದೆ. ಹಾಗಾಗಿ ಒತ್ತಡ ಹೆಚ್ಚುಕಡಿಮೆ ಚಕ್ರದ ನೇರಕ್ಕೇ, ಸೀಟಿನಿಂದ ಟೈರಿನ ಕಡೆಗೆ ಇಳಿಯುತ್ತದೆ, ಪಕ್ಕದಿಂದ ಅಷ್ಟಾಗಿ ಬರುವುದಿಲ್ಲ. 30 ಡಿಗ್ರಿ ವಾಲಿಸಿದರೆ ಆ ಒತ್ತಡ ಸುಮಾರು 15 ಪರ್ಸೆಂಟ್ ಜಾಸ್ತಿ, 45 ಡಿಗ್ರಿ ವಾಲಿಸಿದರೆ ಸುಮಾರು 41 ಪರ್ಸೆಂಟ್ ಜಾಸ್ತಿ. ಎಡಕ್ಕೆ ವಾಲಿಸಿದರೂ ಅಷ್ಟೇ, ಬಲಕ್ಕೆ ವಾಲಿಸಿದರೂ ಅಷ್ಟೇ.

ಇದರಿಂದ ಏನು ಗೊತ್ತಾಗುತ್ತದೆ ಅಂದರೆ, ಬೈಕಿನ ಬೇರಿಂಗ್ ಸದ್ದು ಸಾಮಾನ್ಯವಾಗಿ ಎರಡೂ ಕಡೆಯ ತಿರುವಿನಲ್ಲಿ ಬರುತ್ತದೆ. ತುಂಬಾ ಸವೆದು ಲೂಸಾದ ಬೇರಿಂಗ್ ಒಂದು ಕಡೆ ಸ್ವಲ್ಪ ಜಾಸ್ತಿ ಸದ್ದು ಮಾಡಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಬರೀ ಎಡಕ್ಕೆ ಅಥವಾ ಬರೀ ಬಲಕ್ಕೆ ಮಾತ್ರ ಸದ್ದು, ಇನ್ನೊಂದು ಕಡೆ ಪೂರ್ತಿ ನಿಶ್ಶಬ್ದ ಅಂದರೆ ಬೇರಿಂಗನ್ನು ಪಟ್ಟಿಯ ಕೊನೆಗೆ ತಳ್ಳಿ. ಎಡಗಡೆ ಸೈಡ್ ಸ್ಟ್ಯಾಂಡ್ ಇದೆ, ನಮ್ಮಲ್ಲಿ ಓಡುವ ಹೆಚ್ಚಿನ ಬೈಕ್‌ಗಳಲ್ಲಿ ಚೈನೂ ಎಡಗಡೆ. ಬಲಗಡೆ ಸೈಲೆನ್ಸರ್, ಹಿಂದಿನ ಬ್ರೇಕ್ ಪೆಡಲ್. ಮೊದಲು ಅವುಗಳ ಕಡೆ ನೋಡಿ.

ರಸ್ತೆಯಲ್ಲಿ ಕೇಳುವ ಕ್ರಮ

ಮೊದಲು ಎರಡೂ ಟೈರಿಗೆ ಗಾಳಿ ಸರಿ ಮಾಡಿಸಿ. ಎಷ್ಟು ಅಂತ ಚೈನ್ ಕವರ್ ಮೇಲೋ ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿದಿರುವ ತೋಳು) ಮೇಲೋ ಸ್ಟಿಕ್ಕರ್ ಇರುತ್ತದೆ, ಅದನ್ನು ನೋಡಿ ಹಾಕಿಸಿ, ಪಂಕ್ಚರ್ ಅಂಗಡಿಯವರ ಅಂದಾಜು ಬೇಡ. ಗಾಳಿ ಕಡಿಮೆ ಇರುವ ಮುಂದಿನ ಟೈರ್ ತಿರುವಿನಲ್ಲಿ ತಾನೇ ಗುಂಯ್ ಅನ್ನುತ್ತದೆ. ಹ್ಯಾಂಡಲ್ಲೂ ಭಾರ ಆಗುತ್ತದೆ. ಇದೊಂದು ಸರಿ ಮಾಡಿ ಸದ್ದು ನಿಂತರೆ ಮುಂದಿನದು ಓದುವ ಅಗತ್ಯವೇ ಇಲ್ಲ. ಬ್ಯಾಗು, ಕ್ಯಾರಿಯರ್‌ಗೆ ಕಟ್ಟಿದ ಹಗ್ಗ, ರೇನ್‌ಕೋಟ್ ಎಲ್ಲ ತೆಗೆದಿಡಿ.

ಆಮೇಲೆ ವಾಹನ ಇಲ್ಲದ ರಸ್ತೆ ಹುಡುಕಿ. ಘಾಟಿಯಲ್ಲಿ ಪರೀಕ್ಷೆ ಮಾಡಬೇಡಿ. ಊರ ಹೊರಗಿನ ಹೊಸ ಲೇಔಟ್‌ಗಳಲ್ಲಿ ಮನೆ ಇನ್ನೂ ಎದ್ದಿರುವುದಿಲ್ಲ, ರಸ್ತೆ ಮಾತ್ರ ಆಗಿರುತ್ತದೆ. ಬೆಳಿಗ್ಗೆ ಬೇಗ ಅಂಥ ಕಡೆ ಹೋದರೆ ಕಿವಿಗೆ ಬೇರೆ ಗಲಾಟೆಯೂ ಇರುವುದಿಲ್ಲ.

ಅಲ್ಲಿ ಮೊದಲು ನಡಿಗೆಗಿಂತ ಸ್ವಲ್ಪ ಜಾಸ್ತಿ ವೇಗದಲ್ಲಿ, ಹ್ಯಾಂಡಲ್ ಚೆನ್ನಾಗಿ ತಿರುಗಿಸಿ ಎಂಟರ ಆಕಾರದಲ್ಲಿ ಸುತ್ತಿ. ಇಲ್ಲಿ ಬೈಕ್ ವಾಲುವುದು ಕಡಿಮೆ, ಹ್ಯಾಂಡಲ್ ತಿರುಗುವುದು ಜಾಸ್ತಿ. ಸದ್ದು ಇಲ್ಲೇ ಬಂದರೆ ಹ್ಯಾಂಡಲ್ ಕಡೆಯ ತೊಂದರೆ: ಕೋನ್ ಸೆಟ್ (ಹ್ಯಾಂಡಲ್ ಕುತ್ತಿಗೆಯ ಬೇರಿಂಗ್), ಕೇಬಲ್ ಉಜ್ಜುವುದು, ಮುಂದಿನ ಮಡ್‌ಗಾರ್ಡ್. ಆಮೇಲೆ 40ರ ಆಸುಪಾಸಿನಲ್ಲಿ ಅಗಲವಾದ ತಿರುವು ತೆಗೆದುಕೊಳ್ಳಿ, ಶಿವಮೊಗ್ಗದಿಂದ ಸಾಗರದ ಕಡೆ ಹೋಗುವ ಹೆದ್ದಾರಿಯಲ್ಲಿ ಸಿಗುತ್ತವಲ್ಲ ಆ ಥರದ್ದು. ಇಲ್ಲಿ ಹ್ಯಾಂಡಲ್ ತಿರುಗುವುದೇ ಇಲ್ಲ ಅನ್ನಬಹುದು, ಬೈಕ್ ವಾಲುತ್ತದೆ. ಎಂಟರ ಸುತ್ತಿನಲ್ಲಿ ಸುಮ್ಮನಿದ್ದು ಇಲ್ಲಿ ಸದ್ದು ಮಾಡಿದರೆ ಟೈರು, ಬೇರಿಂಗು, ಸ್ಪೋಕ್ ಕಡ್ಡಿ ಕಡೆ ಗಮನ ಕೊಡಿ.

ಸದ್ದಿನ ಲಯವನ್ನೂ ಹಿಡಿಯಿರಿ. ನಮ್ಮ ಮಾಮೂಲಿ ಬೈಕ್‌ಗಳ 17, 18 ಇಂಚಿನ ಚಕ್ರ ಒಂದು ಸುತ್ತು ಬಂದರೆ ಸುಮಾರು 1.9 ಮೀಟರ್ ಮುಂದೆ ಹೋಗುತ್ತದೆ. ಅಂದರೆ 20 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ ಸುಮಾರು 3 ಸುತ್ತು, 36ರಲ್ಲಿ ಸುಮಾರು 5. ನಿಧಾನ ಹೋಗುವಾಗ ಟಕ್ ಟಕ್ ಸದ್ದು ಸೆಕೆಂಡಿಗೆ ಮೂರು ಸಲ ಬರುತ್ತಿದ್ದರೆ ಅದು ಚಕ್ರದ ಒಂದೇ ಜಾಗದಲ್ಲಿರುವ ತೊಂದರೆ: ಟೈರಿಗೆ ಸಿಕ್ಕಿಕೊಂಡ ಕಲ್ಲು, ಒಂದು ಲೂಸ್ ಕಡ್ಡಿ, ಬೆಂಡಾದ ಡಿಸ್ಕ್, ರಿಮ್ಮಿನ ಪೆಟ್ಟು. ಅದಕ್ಕಿಂತ ತುಂಬಾ ಬೇಗ ಬೇಗ, ಎಣಿಸಲಾಗದ ಹಾಗೆ ಗರಗರ ಅಂದರೆ ಬೇರಿಂಗ್ ಅಥವಾ ಚೈನ್. ಒಂದೇ ರಾಗದಲ್ಲಿ ಗುಂಯ್ ಅಂದರೆ ಮೊದಲು ಟೈರ್ ನೋಡಿ.

ಇನ್ನೆರಡು ಪರೀಕ್ಷೆ. ನೇರ ರಸ್ತೆಯಲ್ಲಿ ಅಥವಾ ತೀರಾ ಸೌಮ್ಯವಾದ ತಿರುವಿನಲ್ಲಿ ಕ್ಲಚ್ ಹಿಡಿದು ನೋಡಿ, ಕಡಿದಾದ ತಿರುವಿನಲ್ಲಿ ಮಾತ್ರ ಕ್ಲಚ್ ಹಿಡಿಯುವ ಸಾಹಸ ಬೇಡ. ಇಂಜಿನ್ ಸದ್ದು ಇಳಿದರೂ ಆ ಸದ್ದು ಇಳಿಯದೆ ಚಕ್ರದ ವೇಗದ ಜೊತೆಗೇ ಬಂದರೆ ಅದು ಚಕ್ರದ್ದೇ. ಕ್ಲಚ್ ಹಿಡಿದ ಕೂಡಲೇ ನಿಂತರೆ ಇಂಜಿನ್, ಸೈಲೆನ್ಸರ್ ಕ್ಲಾಂಪ್, ಚೈನಿನ ಎಳೆತ ಇವುಗಳಲ್ಲಿ ಹುಡುಕಬೇಕು. ಇನ್ನೊಂದು, ಸದ್ದು ಬರುತ್ತಿರುವಾಗ ಬ್ರೇಕನ್ನು ಬೆರಳು ತಾಗಿಸುವಷ್ಟೇ ಹಗುರವಾಗಿ ಮುಟ್ಟಿ. ಮುಟ್ಟಿದ ಕೂಡಲೇ ಸದ್ದು ನಿಂತರೆ ಬ್ರೇಕ್ ಪ್ಯಾಡ್ ಒಳಗೆ ಅಲ್ಲಾಡುತ್ತಿದೆ. ಮುಟ್ಟಿದ ಕೂಡಲೇ ಜಾಸ್ತಿಯಾದರೆ ಡಿಸ್ಕ್ ಅಥವಾ ಡ್ರಮ್ಮಿನ ಕಡೆ ನೋಡಿ.

ಏನೋ ತಾಗುತ್ತಿದೆಯಾ

ಬಿಚ್ಚುವ ಮೊದಲು ಕಣ್ಣಿಗೆ ಕಾಣುವುದನ್ನು ನೋಡಿ ಮುಗಿಸಿ. ಮಳೆಗಾಲದಲ್ಲಿ ತೋಟದ ದಾರಿಯಲ್ಲಿ ಓಡಾಡುವ ಬೈಕಿನ ಮಡ್‌ಗಾರ್ಡ್ ಒಳಗೆ ಕೆಮ್ಮಣ್ಣು ಪದರ ಪದರವಾಗಿ ಹಿಡಿಯುತ್ತದೆ. ಒಣಗಿದ ಮೇಲೆ ಅದು ಇಟ್ಟಿಗೆಯಷ್ಟು ಗಟ್ಟಿ. ನೇರ ಹೋಗುವಾಗ ಟೈರಿಗೂ ಮಣ್ಣಿಗೂ ನಡುವೆ ಕೂದಲೆಳೆ ಜಾಗ ಇರುತ್ತದೆ, ವಾಲಿಸಿದಾಗ ಟೈರು ಸ್ವಲ್ಪ ಪಕ್ಕಕ್ಕೆ ಬಾಗಿ ತಾಗುತ್ತದೆ. ಟೈರಿನ ಮೇಲೆ ಸುತ್ತಲೂ ಹೊಳೆಯುವ ಗೆರೆ ಬಿದ್ದಿದ್ದರೆ ಅದೇ ಸಾಕ್ಷಿ. ಬಿದಿರಿನ ಮುಳ್ಳು, ಅಡಿಕೆ ಹಾಳೆಯ ಚೂರು, ಹಂಬು ಇಂಥವು ಆಕ್ಸಲ್ಲಿಗೆ ಸುತ್ತಿಕೊಂಡು ಕಿರ್ರ್ ಅನ್ನುವುದೂ ಉಂಟು.

ಸೈಡ್ ಸ್ಟ್ಯಾಂಡಿನ ಸ್ಪ್ರಿಂಗ್ ಸಡಿಲ ಆಗಿದ್ದರೆ ಎಡಕ್ಕೆ ವಾಲಿಸಿ ಗುಂಡಿ ಹಾರಿಸಿದಾಗ ಅದು ಕೆಳಗೆ ಜೋತು ಬಿದ್ದು ಸ್ವಿಂಗ್ ಆರ್ಮ್‌ಗೆ ಬಡಿಯುತ್ತದೆ. ಅದು ಬರೀ ಸದ್ದಿನ ಮಾತಲ್ಲ, ನೆಲಕ್ಕೆ ತಾಗಿದರೆ ಬೈಕನ್ನೇ ಎತ್ತಿ ಬೀಳಿಸುತ್ತದೆ. ಸ್ಪ್ರಿಂಗ್ ಇವತ್ತೇ ಬದಲಾಯಿಸಿ. ಡಬಲ್ ಸ್ಟ್ಯಾಂಡ್ ಕಾಲಿನ ತುದಿ, ಸೀರೆ ಗಾರ್ಡ್, ಲೆಗ್ ಗಾರ್ಡ್ ಇವುಗಳ ಕೆಳಭಾಗದಲ್ಲಿ ಹೊಸದಾಗಿ ಉಜ್ಜಿದ ಗುರುತು ಇದೆಯಾ ನೋಡಿ.

ಹಿಂದೆ ಯಾರಾದರೂ ಕೂತಾಗ ಮಾತ್ರ ಸದ್ದು ಬಂದರೆ, ಬೈಕ್ ನಿಲ್ಲಿಸಿ ಇಬ್ಬರು ಕೂತು ಮೂರನೆಯವರಿಗೆ ಹಿಂದಿನ ಮಡ್‌ಗಾರ್ಡ್ ಒಳಗೆ ಟಾರ್ಚ್ ಬಿಟ್ಟು ನೋಡಲು ಹೇಳಿ. ಹಿಂದಿನ ಶಾಕ್ ಸೋತಿದ್ದರೆ ನಂಬರ್ ಪ್ಲೇಟಿನ ಬೋಲ್ಟ್ ತುದಿಯೋ ಟೇಲ್ ಲೈಟಿನ ವೈರೋ ಟೈರಿಗೆ ತಾಗುತ್ತಿರುತ್ತದೆ. ತಿರುವಿನಲ್ಲಿ ಭಾರ ಜಾಸ್ತಿಯಾಗಿ ಶಾಕ್ ಇನ್ನಷ್ಟು ಕುಗ್ಗುತ್ತದಲ್ಲ, ಅದಕ್ಕೇ ಅಲ್ಲಿ ಮಾತ್ರ ಸದ್ದು.

ಟೈರ್

ನನ್ನ ಅಭಿಪ್ರಾಯದಲ್ಲಿ ಜನ ತುಂಬಾ ಕಡಿಮೆ ಅನುಮಾನ ಪಡುವ, ಆದರೆ ಮೊದಲು ಅನುಮಾನ ಪಡಬೇಕಾದ ಭಾಗ ಇದು. ದಿನಾ ಶಿವಮೊಗ್ಗದಿಂದ ಭದ್ರಾವತಿಗೆ ಕೆಲಸಕ್ಕೆ ಹೋಗಿಬರುವ ಬೈಕಿನ ಹಿಂದಿನ ಟೈರ್ ನೋಡಿ. ನಡುಭಾಗ ಚಪ್ಪಟೆ ಆಗಿರುತ್ತದೆ, ಪಕ್ಕದ ಭಾಗ ಹೊಸದರ ಹಾಗೇ ಇರುತ್ತದೆ. ಇವೆರಡರ ನಡುವೆ ಒಂದು ಅಂಚು ಎದ್ದಿರುತ್ತದೆ. ರಜೆ ದಿನ ಅದೇ ಬೈಕನ್ನು ಘಾಟಿಗೆ ಒಯ್ದು ವಾಲಿಸಿದರೆ ಟೈರ್ ಆ ಅಂಚಿನ ಮೇಲೆ ಓಡುತ್ತದೆ. ಸದ್ದು ಬದಲಾಗುತ್ತದೆ, ಬೈಕು ಒಮ್ಮೆಲೇ ಒಳಗೆ ಬಿದ್ದ ಹಾಗೆ ಅನಿಸುತ್ತದೆ.

ಮುಂದಿನ ಟೈರಿನ ಕಥೆ ಬೇರೆ. ಘಾಟಿ ಇಳಿಯುವಾಗ ಮುಂದಿನ ಬ್ರೇಕ್ ಮೇಲೆ ಜಾಸ್ತಿ ಹೊರೆ. ಅದರಿಂದ ಟೈರಿನ ಪಕ್ಕದ ಬ್ಲಾಕ್‌ಗಳು ಒಂದು ತುದಿ ಎತ್ತರ, ಒಂದು ತುದಿ ತಗ್ಗು ಹೀಗೆ ಸವೆಯುತ್ತವೆ. ಕಣ್ಣಿಗೆ ಅಷ್ಟಾಗಿ ಕಾಣುವುದಿಲ್ಲ. ಬೈಕ್ ನಿಲ್ಲಿಸಿ ಅಂಗೈಯನ್ನು ಟೈರಿನ ಪಕ್ಕದ ಭಾಗದ ಮೇಲೆ ಮುಂದಕ್ಕೆ ಒಮ್ಮೆ, ಹಿಂದಕ್ಕೆ ಒಮ್ಮೆ ಸವರಿ. ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸದ ಹಲ್ಲಿನ ಹಾಗೆ ಕೈಗೆ ಸಿಕ್ಕಿದರೆ ನಿಮ್ಮ ಗುಂಯ್ ಸದ್ದು ಅಲ್ಲಿಂದಲೇ. ಮೊದಲು ಮೊಳೆ, ತಂತಿ ಚುಚ್ಚಿಕೊಂಡಿಲ್ಲ ಅಂತ ನೋಡಿಕೊಂಡು ಕೈ ಹಾಕಿ.

ಡೈರಿಗೆ ಹಾಲು ಹಾಕುವವರು ದಿನಾ ಒಂದೇ ಕಡೆಗೆ ಕ್ಯಾನ್ ನೇತುಹಾಕಿಕೊಂಡು ಹೋಗುತ್ತಾರೆ. ಭಾರ ಎಡಗಡೆ ಇದ್ದರೆ ಸಮತೋಲನಕ್ಕೆ ಬೈಕನ್ನು ತಮಗೇ ಗೊತ್ತಿಲ್ಲದೆ ಸ್ವಲ್ಪ ಬಲಕ್ಕೆ ವಾಲಿಸಿಯೇ ಓಡಿಸುತ್ತಿರುತ್ತಾರೆ. ವರ್ಷಗಟ್ಟಲೆ ಹೀಗಾದರೆ ಟೈರ್ ಒಂದು ಕಡೆ ಜಾಸ್ತಿ ಸವೆಯುತ್ತದೆ, ಆಮೇಲೆ ಒಂದು ಕಡೆಯ ತಿರುವಿನಲ್ಲಿ ಮಾತ್ರ ಸದ್ದು. ಕ್ಯಾನನ್ನು ಎರಡೂ ಕಡೆಗೆ ಹಂಚಿ ಕಟ್ಟಿದರೆ ಇನ್ನು ಹಾಕಿಸುವ ಹೊಸ ಟೈರಾದರೂ ಉಳಿಯುತ್ತದೆ.

ಸದ್ದು ಟೈರಿನದೋ ಬೇರಿಂಗಿನದೋ ಅಂತ ತಿಳಿಯಲು ಒಂದು ಒಳ್ಳೆಯ ಉಪಾಯ ಇದೆ, ರಸ್ತೆ ಬದಲಾಯಿಸಿ. ನುಣುಪಾದ ಡಾಂಬರಿನ ಮೇಲೆ ಒಂದು ತಿರುವು, ಕಾಂಕ್ರೀಟ್ ರಸ್ತೆಯ ಮೇಲೆ ಒಂದು ತಿರುವು, ಅದೇ ವೇಗದಲ್ಲಿ. ಸದ್ದಿನ ರಾಗವೇ ಬದಲಾದರೆ ಟೈರ್. ರಸ್ತೆ ಯಾವುದಾದರೂ ಅದೇ ಗರಗರ ಅಂದರೆ ಬೇರಿಂಗ್. ಹೊಸದಾಗಿ ದೊಡ್ಡ ಬ್ಲಾಕಿನ ಟೈರ್ ಹಾಕಿಸಿದವರಿಗೂ ಒಂದು ಮಾತು: ಅಂಥ ಟೈರ್ ವಾಲಿಸಿದಾಗ ಗುಂಯ್ ಅನ್ನುವುದು ಸಹಜ, ದೋಷ ಅಲ್ಲ.

ಬ್ರೇಕ್

ಡಿಸ್ಕ್ ಬ್ರೇಕಿನ ಕ್ಯಾಲಿಪರ್, ಅಂದರೆ ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಭಾಗ, ಎರಡು ಪಿನ್ನಿನ ಮೇಲೆ ಅತ್ತಿತ್ತ ಜಾರುವ ಹಾಗೆ ಇರುತ್ತದೆ. ಮಳೆ, ಕೆಸರು ಸೇರಿ ಆ ಪಿನ್ ಒಣಗಿ ಹಿಡಿದುಕೊಂಡರೆ ಪ್ಯಾಡ್ ಪೂರ್ತಿ ಬಿಡುವುದಿಲ್ಲ. ವಾಲಿಸಿದಾಗ ಆಕ್ಸಲ್, ಫೋರ್ಕ್ ಎಲ್ಲ ಕೂದಲೆಳೆಯಷ್ಟು ಬಾಗುತ್ತವೆ, ಅಷ್ಟು ಸಾಕು ಚೀಂಯ್ ಅನ್ನಲು. ಪಿನ್ ಬಿಚ್ಚಿ ಒರೆಸಿ ಬ್ರೇಕಿಗೆಂದೇ ಬರುವ ಗ್ರೀಸ್ ಹಾಕಿದರೆ ಸರಿಹೋಗುತ್ತದೆ. ಮಾಮೂಲಿ ಗ್ರೀಸ್ ಬೇಡ, ಅಲ್ಲಿರುವ ರಬ್ಬರ್ ಉಬ್ಬುತ್ತದೆ. ಪ್ಯಾಡನ್ನು ಒತ್ತಿ ಹಿಡಿಯುವ ಸಣ್ಣ ತಗಡಿನ ಸ್ಪ್ರಿಂಗ್ ಒಂದಿರುತ್ತದೆ, ಪ್ಯಾಡ್ ಬದಲಾಯಿಸುವಾಗ ಅದನ್ನು ಎಷ್ಟೋ ಸಲ ಹಾಕದೇ ಬಿಟ್ಟಿರುತ್ತಾರೆ. ಆಗ ಕಟಕಟ ಸದ್ದು ಖಾತ್ರಿ. ಡ್ರಮ್ ಬ್ರೇಕಿನಲ್ಲಿ ಮಳೆಗಾಲದ ಬೆಳಿಗ್ಗೆ ಮೊದಲ ನಾಲ್ಕೈದು ತಿರುವಿನಲ್ಲಿ ಕಿರ್ರ್ ಅಂದು ಆಮೇಲೆ ನಿಂತರೆ ಅದು ರಾತ್ರಿಯ ತೇವ, ತಲೆಕೆಡಿಸಿಕೊಳ್ಳಬೇಡಿ.

ಕೋನ್ ಸೆಟ್

ಹ್ಯಾಂಡಲ್ ತಿರುಗುವ ಕುತ್ತಿಗೆಯ ಒಳಗಿರುವ ಬೇರಿಂಗಿಗೆ ನಮ್ಮಲ್ಲಿ ಕೋನ್ ಸೆಟ್ ಅನ್ನುತ್ತಾರೆ. ಬೈಕನ್ನು ಡಬಲ್ ಸ್ಟ್ಯಾಂಡ್ ಹಾಕಿ, ಒಬ್ಬರು ಹಿಂದೆ ಒತ್ತಿ ಮುಂದಿನ ಚಕ್ರ ಎತ್ತಲಿ. ಹ್ಯಾಂಡಲನ್ನು ಬೆರಳಿನಿಂದ ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ತಿರುಗಿಸಿ. ನಡುವೆ ಎಲ್ಲೋ ಗುಣಿಗೆ ಕೂತ ಹಾಗೆ ನಿಂತರೆ ಕೋನ್ ಸೆಟ್ ಹೋಗಿದೆ. ಆಮೇಲೆ ಫೋರ್ಕಿನ ಕೆಳತುದಿ ಹಿಡಿದು ಮುಂದೆ ಹಿಂದೆ ಅಲ್ಲಾಡಿಸಿ, ಲೊಟಕ್ ಅಂದರೆ ಲೂಸಾಗಿದೆ. ಎಷ್ಟೋ ಸಲ ಟೈಟ್ ಮಾಡಿದರೇ ಸಾಕಾಗುತ್ತದೆ. ಆದರೆ ಗುಣಿ ಬಿದ್ದ ಕೋನ್ ಸೆಟ್ಟನ್ನು ಟೈಟ್ ಮಾಡಿ ಓಡಿಸಬಾರದು, ಹ್ಯಾಂಡಲ್ ತಿರುವಿನ ನಡುವೆ ಹಿಡಿದುಕೊಳ್ಳುತ್ತದೆ.

ಇದೇ ಹೊತ್ತಿನಲ್ಲಿ ಮೀಟರ್ ಕೇಬಲ್ ಕೂಡ ನೋಡಿ. ಹಳೆಯ ಬೈಕ್‌ಗಳಲ್ಲಿ ಮುಂದಿನ ಹಬ್‌ನಲ್ಲಿ ಮೀಟರ್ ಪಿನಿಯನ್ ಇರುತ್ತದೆ, ಗ್ರೀಸ್ ಒಣಗಿದರೆ ಹ್ಯಾಂಡಲ್ ತಿರುಗಿ ಕೇಬಲ್ ಬಾಗಿದಾಗ ಕಿಚ್ ಕಿಚ್ ಅನ್ನುತ್ತದೆ. ಮೀಟರ್ ಮುಳ್ಳೂ ಕುಣಿಯುತ್ತಿದ್ದರೆ ಬೇರೆ ಕಡೆ ಹುಡುಕುವುದೇ ಬೇಡ.

ಈಗ ಬೇರಿಂಗ್

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೇಲೆ ಮಳೆ. ಹಾಗಾಗಿ ನಮ್ಮ ಕಡೆ ಬೇರಿಂಗ್ ಕೆಡುವುದು ಓಟದಿಂದ ಅಲ್ಲ, ನೀರಿನಿಂದ. ನೀರು ಒಳಗೆ ಹೋಗುವ ದಾರಿ ಮೂರು. ಹಬ್‌ನ ಆಯಿಲ್ ಸೀಲ್ ಹಳೆಯದಾಗಿ ಗಡುಸಾಗಿರುವುದು ಒಂದು. ವಾಟರ್ ಸರ್ವಿಸ್‌ನವರು ಪ್ರೆಶರ್ ಗನ್ನನ್ನು ನೇರ ಹಬ್‌ನ ನಡುವಿಗೆ ಹಿಡಿಯುವುದು ಇನ್ನೊಂದು. ಮೂರನೆಯದು ಘಾಟಿ ಇಳಿದು ಡ್ರಮ್ ಕಾದಿರುವಾಗ ಹಾಗೇ ಹಳ್ಳದ ನೀರಿಗೆ ಇಳಿಸುವುದು. ಕಾದ ಹಬ್ ಥಟ್ಟನೆ ತಣ್ಣಗಾದರೆ ಒಳಗಿನ ಗಾಳಿ ಕುಗ್ಗಿ ಸೀಲಿನ ಸಂದಿಯಿಂದ ನೀರನ್ನು ಎಳೆದುಕೊಳ್ಳುತ್ತದೆ. ಆಮೇಲೆ ಮಳೆ ಹಿಡಿಯಿತು ಅಂತ ಬೈಕನ್ನು ಕೊಟ್ಟಿಗೆಯಲ್ಲಿ ವಾರಗಟ್ಟಲೆ ನಿಲ್ಲಿಸಿಬಿಟ್ಟರೆ ನೀರು ಕೆಳಗಿನ ಬಾಲ್‌ಗಳ ಹತ್ತಿರ ನಿಂತು ಅಲ್ಲಿ ತುಕ್ಕಿನ ಚುಕ್ಕಿ ಬೀಳುತ್ತದೆ. ಆ ಚುಕ್ಕಿಯೇ ಮುಂದೆ ಗರಗರ. ಬಳಸದಿದ್ದರೂ ಆಗಾಗ ಬೈಕನ್ನು ನಾಲ್ಕು ಹೆಜ್ಜೆ ತಳ್ಳಿ ನಿಲ್ಲಿಸುವುದು ಒಳ್ಳೆಯದು.

ಪರೀಕ್ಷೆ ಹೀಗೆ. ಚಕ್ರ ಎತ್ತಿ ಕೈಯಿಂದ ತಿರುಗಿಸಿ, ಇನ್ನೊಂದು ಕೈಯನ್ನು ಮುಂದಿನದಾದರೆ ಫೋರ್ಕಿನ ಮೇಲೆ, ಹಿಂದಿನದಾದರೆ ಶಾಕ್ ಸ್ಪ್ರಿಂಗ್ ಮೇಲೆ ಇಡಿ. ಒಳ್ಳೆಯ ಬೇರಿಂಗ್ ಇದ್ದರೆ ಕೈಗೆ ಏನೂ ತಿಳಿಯುವುದಿಲ್ಲ. ಕೆಟ್ಟದ್ದಿದ್ದರೆ ಮರಳು ಅರೆದ ಹಾಗೆ ಒಂದು ನಡುಕ ಸ್ಪ್ರಿಂಗಿನ ಮೂಲಕ ಕೈಗೆ ಬರುತ್ತದೆ. ಇನ್ನೂ ಸ್ಪಷ್ಟ ಬೇಕಾದರೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಆಕ್ಸಲ್ ತುದಿಗೆ ಒತ್ತಿ, ಹಿಡಿಯನ್ನು ಕಿವಿಯ ಮುಂದಿನ ಎಲುಬಿಗೆ ಒತ್ತಿ ಕೇಳಿ. ಹಿಂದಿನ ಚಕ್ರಕ್ಕೆ ಚೈನ್ ಕಳಚಿ ನೋಡಿದರೆ ಅನುಮಾನವೇ ಇರುವುದಿಲ್ಲ, ಚೈನ್ ಇದ್ದರೆ ಅದರ ಸದ್ದು ಸೇರಿಕೊಳ್ಳುತ್ತದೆ. ಎರಡೂ ಚಕ್ರವನ್ನು ಕೈಯಿಂದಲೇ ತಿರುಗಿಸಿ. ಇಂಜಿನ್ ಚಾಲೂ ಮಾಡಿ ಗೇರ್ ಹಾಕಿ ಹಿಂದಿನ ಚಕ್ರದ ಹತ್ತಿರ ಕೈ ಒಯ್ಯಲೇಬೇಡಿ. ಚೈನಿಗೂ ಅದು ಕೂರುವ ಹಲ್ಲಿನ ಚಕ್ರ ಸ್ಪ್ರಾಕೆಟ್ಟಿಗೂ ನಡುವೆ ಬೆರಳು ಸಿಕ್ಕಿದರೆ ಬೆರಳು ಹೋದ ಹಾಗೇ.

ಆಮೇಲೆ ಟೈರಿನ ಮೇಲ್ತುದಿ ಒಂದು ಕೈಯಲ್ಲಿ, ಕೆಳತುದಿ ಒಂದು ಕೈಯಲ್ಲಿ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ. ಮುಂದೆ ಹಿಂದೆ ಹಿಡಿದೂ ಅಲ್ಲಾಡಿಸಿ. ಚಕ್ರ ಮಾತ್ರ ಅಲ್ಲಾಡಿದರೆ ಬೇರಿಂಗ್. ಹಿಂದಿನ ಚಕ್ರದ ಜೊತೆ ಸ್ವಿಂಗ್ ಆರ್ಮೂ ಸೇರಿ ಅಲ್ಲಾಡಿದರೆ ಸ್ವಿಂಗ್ ಆರ್ಮ್ ಬುಷ್. ಮುಂದೆ ಫೋರ್ಕ್ ಸಮೇತ ಅಲ್ಲಾಡಿದರೆ ಕೋನ್ ಸೆಟ್ ಅಥವಾ ಫೋರ್ಕ್ ಬುಷ್. ಇಷ್ಟು ಸಣ್ಣ ವ್ಯತ್ಯಾಸ ನೋಡದೆ ಬೇರಿಂಗ್ ಅಂತ ಹಾಕಿಸಿಬಿಟ್ಟರೆ ದುಡ್ಡೂ ಹೋಯಿತು, ಸದ್ದೂ ಉಳಿಯಿತು.

ಬಿಸಿ ನೋಡುವ ಪರೀಕ್ಷೆಯೂ ಇದೆ. ಘಾಟಿ ಇಳಿದ ಮೇಲೆ ಮುಟ್ಟಿದರೆ ಬ್ರೇಕಿನಿಂದ ಎಲ್ಲವೂ ಬಿಸಿ ಇರುತ್ತದೆ, ಏನೂ ತಿಳಿಯುವುದಿಲ್ಲ. ಅದರ ಬದಲು ಸೋಮೇಶ್ವರದಿಂದ ಆಗುಂಬೆಗೆ ಹತ್ತಿ, ಬ್ರೇಕ್ ಆದಷ್ಟು ಕಡಿಮೆ ಬಳಸಿ. ಮೇಲೆ ಬಂದು ನಿಲ್ಲಿಸಿ ಎರಡೂ ಹಬ್‌ಗಳ ನಡುಭಾಗವನ್ನು ಮೊದಲು ಹಗುರವಾಗಿ, ಆಮೇಲೆ ಸರಿಯಾಗಿ ಮುಟ್ಟಿ. ಒಂದು ಮಾತ್ರ ಬಿಸಿ ಇದ್ದರೆ ಅಲ್ಲಿ ಬೇರಿಂಗ್ ಹಿಡಿಯುತ್ತಿದೆ ಅಥವಾ ಬ್ರೇಕ್ ಬಿಡುತ್ತಿಲ್ಲ. ಡಿಸ್ಕಿಗೆ ಕೈ ತಾಗಿಸಬೇಡಿ.

ಬದಲಾಯಿಸುವುದು ಅಂತ ಆದರೆ ಹಳೆಯ ಬೇರಿಂಗಿನ ಮೇಲೆ ಕೆತ್ತಿರುವ ನಂಬರ್ ನೋಡಿ ಅದನ್ನೇ ತನ್ನಿ. 6301, 6302, 6202, 6203 ಇಂಥವು ಇರುತ್ತವೆ. ಕೊನೆಯ ಎರಡು ಅಂಕಿ ನಡುವಿನ ತೂತಿನ ಅಳತೆ ಹೇಳುತ್ತದೆ: 01 ಅಂದರೆ 12 ಮಿಲಿಮೀಟರ್, 02 ಅಂದರೆ 15, 03 ಅಂದರೆ 17. 6202 ಮತ್ತು 6302 ಎರಡರ ತೂತೂ 15 ಮಿಲಿಮೀಟರೇ, ಆದರೆ ಹೊರಗಿನ ಅಳತೆ 35 ಮತ್ತು 42. ಅಂಗಡಿಯಲ್ಲಿ ಕೌಂಟರಿನ ಮೇಲೇ ನಂಬರ್ ಹೊಂದಿಸಿ ನೋಡಿಕೊಳ್ಳಿ. ನಂಬರಿನ ಕೊನೆಗೆ ಝಡ್‌ಝಡ್ ಅಂತಿದ್ದರೆ ಎರಡೂ ಕಡೆ ತಗಡಿನ ಮುಚ್ಚಳ, 2ಆರ್‌ಎಸ್ ಅಂತಿದ್ದರೆ ಎರಡೂ ಕಡೆ ರಬ್ಬರ್ ಸೀಲ್. ನಮ್ಮ ಮಳೆಗೆ ರಬ್ಬರ್ ಸೀಲಿನದ್ದೇ ಒಳ್ಳೆಯದು. ಒಂದು ಚಕ್ರದ ಬೇರಿಂಗ್ ಹಾಕಿಸುವಾಗ ಎಲ್ಲವನ್ನೂ ಒಟ್ಟಿಗೇ ಹಾಕಿಸಿ, ಆಯಿಲ್ ಸೀಲೂ ಹೊಸದಿರಲಿ. ಹಳೆಯ ಸೀಲಿಗೆ ಹೊಸ ಬೇರಿಂಗ್ ಹಾಕಿದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಇದೇ ಕೆಲಸ.

ಕೂರಿಸುವ ರೀತಿ ಇನ್ನೂ ಮುಖ್ಯ. ಬೇರಿಂಗಿನ ಹೊರಗಿನ ರಿಂಗ್‌ಗೆ ಸರಿಹೊಂದುವ ಸಾಕೆಟ್ ಇಟ್ಟು ಅದರ ಮೇಲೆ ಬಡಿಯಬೇಕು. ಒಳಗಿನ ರಿಂಗಿಗೆ ಸುತ್ತಿಗೆ ಪೆಟ್ಟು ಬಿದ್ದರೆ ಬಾಲ್‌ಗಳು ಟ್ರ್ಯಾಕಿನಲ್ಲಿ ಗುಣಿ ಮಾಡುತ್ತವೆ, ಹೊಸ ಬೇರಿಂಗ್ ಮೊದಲ ದಿನವೇ ಸದ್ದು ಮಾಡುತ್ತದೆ. ಎರಡು ಬೇರಿಂಗಿನ ನಡುವೆ ಒಂದು ಕೊಳವೆ, ಸ್ಪೇಸರ್ ಅನ್ನುತ್ತಾರೆ, ಅದನ್ನು ಮರೆಯದೆ ಹಾಕಬೇಕು. ಮೊದಲ ಬೇರಿಂಗ್ ಪೂರ್ತಿ ಕೂರಿಸಿ, ಸ್ಪೇಸರ್ ಇಟ್ಟು, ಎರಡನೆಯದನ್ನು ಸ್ಪೇಸರಿಗೆ ತಾಗುವವರೆಗೆ ಮಾತ್ರ ಇಳಿಸಿ. ಸ್ಪೇಸರ್ ಇಲ್ಲದೆ ಆಕ್ಸಲ್ ನಟ್ ಬಿಗಿದರೆ ಒಳಗಿನ ರಿಂಗ್‌ಗಳು ಒಂದನ್ನೊಂದು ಹಿಂಡುತ್ತವೆ, ಚಕ್ರ ಬಿಗಿಯಾಗಿ ತಿರುಗುತ್ತದೆ, ಬೇರಿಂಗ್ ಬೇಗ ಸಾಯುತ್ತದೆ. ಪದೇ ಪದೇ ಬೇರಿಂಗ್ ಹೋಗುವ ಬೈಕ್‌ಗಳಲ್ಲಿ ಸ್ಪೇಸರ್ ಇದೆಯಾ, ಅದರ ತುದಿ ಸವೆದು ಗಿಡ್ಡ ಆಗಿದೆಯಾ ಅಂತ ಮೊದಲು ನೋಡಬೇಕು.

ಚೈನ್, ಡ್ಯಾಂಪರ್ ರಬ್ಬರ್, ಕಡ್ಡಿ

ತಿರುವಿನಿಂದ ಹೊರಬರುವಾಗ ಆಕ್ಸಿಲರೇಟರ್ ಕೊಟ್ಟ ಕೂಡಲೇ ಒಂದೇ ಸಲ ಲೊಟ್ ಅಂದರೆ ಹಿಂದಿನ ಹಬ್ ಒಳಗೆ ಎಳೆತದ ಹೊಡೆತ ತಡೆಯಲು ಇರುವ ಡ್ಯಾಂಪರ್ ರಬ್ಬರ್ ಸವೆದಿದೆ. ಚಕ್ರ ಗಟ್ಟಿ ಹಿಡಿದು ಸ್ಪ್ರಾಕೆಟ್ಟನ್ನು ಹಿಂದೆ ಮುಂದೆ ಅಲ್ಲಾಡಿಸಿ ನೋಡಿದರೆ ಆಟ ಗೊತ್ತಾಗುತ್ತದೆ. ಸೈಕಲ್ ಟ್ಯೂಬ್ ಚೂರು ತುಂಬಿ ಸರಿ ಮಾಡುವವರಿದ್ದಾರೆ. ಊರು ತಲುಪುವವರೆಗೆ ಪರವಾಗಿಲ್ಲ, ಅದನ್ನೇ ಕಾಯಂ ಮಾಡಬೇಡಿ.

ಚೈನ್ ಸಡಿಲ ಇದ್ದರೆ ಎಡ ತಿರುವಿನ ಗುಂಡಿಯಲ್ಲಿ ಕವರ್‌ಗೆ ಬಡಿಯುತ್ತದೆ. ಮಾಮೂಲಿ ಬೈಕ್‌ಗಳಲ್ಲಿ 20ರಿಂದ 30 ಮಿಲಿಮೀಟರ್ ಆಟ ಇರಬೇಕು, ನಿಮ್ಮ ಬೈಕಿನ ಪುಸ್ತಕದಲ್ಲಿ ಬೇರೆ ಇದ್ದರೆ ಅದೇ ಸರಿ. ಟೈಟ್ ಮಾಡಿದಾಗ ಎರಡೂ ಕಡೆಯ ಅಡ್ಜಸ್ಟರ್ ಗುರುತು ಒಂದೇ ಮನೆಯಲ್ಲಿ ಇರಲಿ. ಇಲ್ಲದಿದ್ದರೆ ಚಕ್ರ ಓರೆಯಾಗಿ ಕೂತು ಚೈನು ಸ್ಪ್ರಾಕೆಟ್ಟಿನ ಹಲ್ಲಿನ ಪಕ್ಕ ಉಜ್ಜುತ್ತದೆ.

ಸ್ಪೋಕ್ ಚಕ್ರವಾದರೆ ಸಣ್ಣ ಪಾನಾದಿಂದ ಕಡ್ಡಿಗಳನ್ನು ಒಂದೊಂದಾಗಿ ತಟ್ಟುತ್ತಾ ಹೋಗಿ. ಬಿಗಿ ಇದ್ದದ್ದು ಠಣ್ ಅನ್ನುತ್ತದೆ, ಲೂಸಾದದ್ದು ಟಪ್ ಅನ್ನುತ್ತದೆ. ಒಂದೆರಡು ಲೂಸಿದ್ದರೆ ಬಿಗಿಸಬಹುದು, ಸಾಲಾಗಿ ಲೂಸಿದ್ದರೆ ರಿಮ್ ಬೆಂಡ್ ತೆಗೆಯುವವರ ಹತ್ತಿರವೇ ಒಯ್ಯಿರಿ. ಅಲಾಯ್ ಚಕ್ರದಲ್ಲಿ ಬಿರುಕು ಕಂಡರೆ ಬೆಸುಗೆ ಹಾಕಿಸುವ ಯೋಚನೆ ಬಿಡಿ.

ಓಡಿಸುವುದನ್ನು ಯಾವಾಗ ನಿಲ್ಲಿಸಬೇಕು

ಚಕ್ರ ಕೈಗೆ ಅಲ್ಲಾಡುತ್ತಿದ್ದರೆ, ಹಬ್ ಮುಟ್ಟಲಾಗದಷ್ಟು ಬಿಸಿಯಾಗಿದ್ದರೆ, ಹ್ಯಾಂಡಲ್ ನಡುವೆ ಹಿಡಿಯುತ್ತಿದ್ದರೆ, ಅಲ್ಲಿಗೆ ನಿಲ್ಲಿಸಿ. "ತೀರ್ಥಹಳ್ಳಿ ತನಕ ಹೋಗಿಬಿಡೋಣ ಮಾರಾಯ" ಅನ್ನಬೇಡಿ, ಗೂಡ್ಸ್ ಆಟೋಗೆ ಹಾಕಿ. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಬೈಕ್‌ಗಳಿಗೆ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕಡ್ಡಾಯ ಆಗಿದೆ. ಅಂಥ ಬೈಕಿನಲ್ಲಿ ಸದ್ದಿನ ಜೊತೆಗೆ ಎಬಿಎಸ್ ದೀಪವೂ ತಿರುವಿನಲ್ಲಿ ಹತ್ತಿದರೆ, ಬೇರಿಂಗ್ ಲೂಸಾಗಿ ಸೆನ್ಸರಿಗೂ ಹಲ್ಲಿನ ರಿಂಗಿಗೂ ನಡುವಿನ ಅಂತರ ಬದಲಾಗುತ್ತಿರಬಹುದು. ಸೆನ್ಸರಿನ ಮೇಲಿನ ಕೆಸರು ಒರೆಸಿ, ಚಕ್ರ ಅಲ್ಲಾಡಿಸಿ ನೋಡಿ.

ಗ್ಯಾರೇಜಿಗೆ ಹೋದಾಗ ಬರೀ "ಸೌಂಡ್ ಬರುತ್ತೆ" ಅನ್ನುವ ಬದಲು ಹೀಗೆ ಹೇಳಿ: "ಅಣ್ಣ, ಹಿಂದಿನ ವೀಲು. ಎಡಕ್ಕೂ ಬಲಕ್ಕೂ ಬರುತ್ತೆ. ಕ್ಲಚ್ ಹಿಡಿದರೂ ನಿಲ್ಲಲ್ಲ. ಬ್ರೇಕ್ ಮುಟ್ಟಿದರೂ ವ್ಯತ್ಯಾಸ ಇಲ್ಲ. ಕಾಂಕ್ರೀಟ್ ರೋಡಲ್ಲೂ ಅದೇ ಸೌಂಡು." ಇಷ್ಟು ಹೇಳಿದರೆ ಒಳ್ಳೆಯ ಮೆಕ್ಯಾನಿಕ್ ನೇರ ಬೇರಿಂಗಿಗೇ ಕೈ ಹಾಕುತ್ತಾನೆ, ನಿಮ್ಮ ಮಾತಿಗೂ ಬೆಲೆ ಕೊಡುತ್ತಾನೆ. ಸಾಧ್ಯವಾದರೆ ಅವನನ್ನೇ ಓಡಿಸಲು ಹೇಳಿ ನೀವು ಹಿಂದೆ ಕೂರಿ, ಸದ್ದು ಬಂದಾಗ ಹೆಗಲು ತಟ್ಟಿ ತೋರಿಸಿ. ಕೆಲಸ ಆದ ಮೇಲೆ ಹಳೆಯ ಬೇರಿಂಗ್ ಕೇಳಿ ತೆಗೆದುಕೊಳ್ಳಿ. ಒಳಗಿನ ರಿಂಗಿಗೆ ಬೆರಳು ಹಾಕಿ ತಿರುಗಿಸಿ. ಪಕ್ಕಕ್ಕೆ ತೀರಾ ಸ್ವಲ್ಪ ಆಟ ಹೊಸದರಲ್ಲೂ ಇರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ತಿರುಗುವಾಗ ಗರಗರ ಅಂದರೆ ಕೆಲಸ ಸರಿಯಾಗಿದೆ. ನುಣ್ಣಗೆ ತಿರುಗಿದರೆ ನಿಮ್ಮ ಸದ್ದು ಬೇರೆ ಎಲ್ಲೋ ಇದೆ, ಮನೆಗೆ ಹೊರಡುವ ಮೊದಲೇ ಅಲ್ಲೇ ಹೇಳಿ. ಮುಚ್ಚಳ ಕಿತ್ತು ನೋಡಿದಾಗ ಗ್ರೀಸ್ ಕಂದು ಬಣ್ಣದ ನೀರಾಗಿದ್ದರೆ ಆ ಕಡೆಯ ಸೀಲ್ ಹೊಸದು ಹಾಕಿದ್ದಾರಾ ಅಂತ ಕೇಳಿ, ಹಾಕಿಲ್ಲ ಅಂದರೆ ಚಕ್ರ ಮತ್ತೆ ಬಿಚ್ಚಿಸಿ.